ಮೂಕಸ್ಪರ್ಧಿಗೆ ಸಲ್ಲುವ ಮರ್ಯಾದೆ

ಶಿಷ್ಟಾಚಾರವೆಂಬುದು ಕೊಟ್ಟು ಕೊಳ್ಳುವ ಸಂಬಂಧದಿಂದ ಹುಟ್ಟಿದುದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ವಂದಿಸಿದವನಿಗೆ ಪ್ರತಿವಂದನೆ, ಆಸನವಿತ್ತವನಿಗೆ ಕೃತಜ್ಞತೆ. ಹೀಗಿರುವಲ್ಲಿ, ಪ್ರತಿವಂದನೆಯನ್ನರಿಯದ, ತನಗೆ ಮರ್ಯಾದೆ ಸಂದಿತೋ ಇಲ್ಲವೋ ಎಂಬುದನ್ನು ಬಾಯಿಬಿಟ್ಟು ಹೇಳಲಾರದ ಜೀವಿಗೂ ನಾವು ಋಣಿಗಳಾಗಬಲ್ಲೆವೆ ಎಂಬ ಪ್ರಶ್ನೆ ಧರ್ಮವನ್ನು ಕುರಿತು ಚಿಂತಿಸುವವರಿಗೆ ಅನಿವಾರ್ಯವಾದುದು. ಈ ಪ್ರಶ್ನೆಯನ್ನು ಪರೀಕ್ಷಿಸಲು, ಅಮೆರಿಕದ ಪೆನ್ಸಿಲ್ವೇನಿಯ ಸಂಸ್ಥಾನದ ಹರ್ಷಿ ಪಟ್ಟಣದಲ್ಲಿ ನಡೆಯುವ ‘ಗ್ರೂಮ್ ಎಕ್ಸ್‌ಪೋ’ದಂತಹ ಸಮ್ಮೇಳನಗಳಲ್ಲಿ ಏರ್ಪಡುವ ನಾಯಿಗಳ ಕೇಶಪ್ರಸಾಧನ ಸ್ಪರ್ಧೆಗಿಂತ ಉಚಿತವಾದ ಸ್ಥಳ ನನಗೆ ತೋರದು.

ನ್ಯೂಯಾರ್ಕಿನಲ್ಲಿ 1877ರಲ್ಲಿ ಆರಂಭವಾದ ವೆಸ್ಟ್‌ಮಿನ್‌ಸ್ಟರ್ ಶ್ವಾನಪ್ರದರ್ಶನದಂತಹ ಕಡೆ ತೀರ್ಪುಗಾರರು ನೋಡುವುದು ನಾಯಿಯ ತಳಿ, ನಿಲುವು, ನಡೆಗಳನ್ನು. ಪ್ರಸಾಧನ ಸ್ಪರ್ಧೆಯಲ್ಲಾದರೋ ಪರೀಕ್ಷೆಗೊಳಗಾಗುವುದು ಕತ್ತರಿ ಹಿಡಿದವರ ಕೈ. ನಾಯಿ ಇಲ್ಲಿ ಗೆಲ್ಲುವುದೂ ಇಲ್ಲ, ಸೋಲುವುದೂ ಇಲ್ಲ. ಬಹುಮಾನದ ಆಸೆ ಅದಕ್ಕಿಲ್ಲ, ಕೀರ್ತಿಯ ಅರಿವೂ ಇಲ್ಲ. ಆದರೂ ನಿಗದಿಯಾದ ಕಾಲ ಮುಗಿಯುವವರೆಗೆ ಎತ್ತರದ ಮೇಜಿನ ಮೇಲೆ, ಕೊರಳಿಗೆ ಕುಣಿಕೆ ಹಾಕಿಸಿಕೊಂಡು ನಿಂತಿರಬೇಕಾದುದು ಅದೇ. ಯಾರ ಒಪ್ಪಿಗೆಯನ್ನು ಪಡೆಯದೆ ಯಾರ ದೇಹದ ಮೇಲೆ ನಮ್ಮ ಕೀರ್ತಿಯನ್ನು ಕೆತ್ತಿಕೊಳ್ಳುತ್ತೇವೆಯೋ ಅವರಿಗೆ ನಾವು ಸಲ್ಲಿಸತಕ್ಕುದೇನು? ಆ ರಂಗದಲ್ಲಿ ರೂಢಿಯಲ್ಲಿರುವ ಶಿಷ್ಟಾಚಾರವೆಲ್ಲವೂ, ಪಡೆಯಲಾಗದ ಆ ಒಪ್ಪಿಗೆಯ ಸ್ಥಾನದಲ್ಲಿ ನಿಂತ ಪ್ರತಿನಿಧಿಯೆಂದೇ ನನ್ನ ದೃಢವಾದ ನಂಬಿಕೆ.

ಮೇಜಿನ ಮೇಲಿನ ನಾಯಿಯನ್ನು ಕ್ಷಣಮಾತ್ರವೂ ಒಂಟಿಯಾಗಿ ಬಿಡಬಾರದೆಂಬುದು ಇಲ್ಲಿಯ ಪ್ರಥಮ ನಿಯಮ. ಅದು ಕೆಳಕ್ಕೆ ಹಾರಿದರೆ ಕುಣಿಕೆಯೇ ಪ್ರಾಣಾಂತಿಕವಾದೀತು. ಪ್ರೇಕ್ಷಕರು ನಾಯಿಯನ್ನು ಕೂಗಿ ಕರೆಯುವುದು, ಸಿಳ್ಳು ಹಾಕುವುದು, ಕಣ್ಣಿಗೆ ರಾಚುವಂತೆ ಬೆಳಕು ಚೆಲ್ಲಿ ಚಿತ್ರ ತೆಗೆಯುವುದು ಸಲ್ಲದೆಂದರೆ, ಅದು ಕೇವಲ ಸಭಾಮರ್ಯಾದೆಯ ಮಾತಲ್ಲ: ಕಿವಿಯ ಅಂಚಿನಲ್ಲಿಯೋ ಕಣ್ಣಿನ ಬಳಿಯಲ್ಲಿಯೋ ಹರಿತವಾದ ಕತ್ತರಿ ಆಡುತ್ತಿರುವಾಗ, ತಿರುಗಿ ನೋಡಿದ ಒಂದು ತಲೆ ಸಾಕು, ರಕ್ತ ಬರಲು. ತೀರ್ಪುಗಾರರು ಮೇಜಿಗೆ ಬಂದಾಗ ಸ್ಪರ್ಧಿಗಳು ಉಪಕರಣಗಳನ್ನು ಕೆಳಗಿಟ್ಟು ಹಿಂದೆ ಸರಿದು ಮಾತಿಲ್ಲದೆ ನಿಲ್ಲುವರು. ನೆರೆಯವರ ಕೆಲಸವನ್ನು ಟೀಕಿಸಬಾರದು, ತೀರ್ಪನ್ನು ರಂಗದಲ್ಲಿಯೇ ಪ್ರಶ್ನಿಸಬಾರದು, ಲೋಪಗಳನ್ನು ಅನಂತರ ವಿನಯದಿಂದ ಕೇಳಿ ತಿಳಿಯಬೇಕು ಎಂಬಿವು ಎಲ್ಲ ಸ್ಪರ್ಧೆಗಳಿಗೂ ಸಮಾನವಾದುವು. ಅವುಗಳನ್ನು ಕುರಿತು ಬೆಳೆಸಬೇಕಾದುದಿಲ್ಲ.

ಬೆಳೆಸಬೇಕಾದುದು ಟೆರಿಯರ್ ಜಾತಿಯ ನಾಯಿಗಳಿಗೆ ಮಾಡುವ ಕೆಲಸವನ್ನು ಕುರಿತು. ಇವುಗಳಲ್ಲಿ ಅನೇಕಕ್ಕೆ ಮೇಲೊಂದು ಒರಟು ಕೂದಲ ಪದರ, ಒಳಗೊಂದು ಮೃದುವಾದ ಪದರ. ಕತ್ತರಿಸಿದರೆ ಮೇಲಿನ ಪದರದ ಗಡಸೂ ಬಣ್ಣವೂ ಕ್ರಮೇಣ ಕೆಡುವುದರಿಂದ, ಜೀವ ಕಳೆದ ಕೂದಲನ್ನು ಬೆರಳುಗಳಿಂದಲೂ ಚಿಕ್ಕ ಹಲ್ಲಿನ ಕತ್ತಿಯಿಂದಲೂ ಸ್ವಲ್ಪ ಸ್ವಲ್ಪವಾಗಿ ಕಿತ್ತು ತೆಗೆಯುವುದು ಸಂಪ್ರದಾಯ. ಕೂದಲು ಪಕ್ವವಾಗಿದ್ದರೆ ತಾನಾಗಿಯೇ ಎಂಬಂತೆ ಕೈಗೆ ಬರುತ್ತದೆ, ನಾಯಿ ಶಾಂತವಾಗಿ ನಿಲ್ಲುತ್ತದೆ. ಪಕ್ವವಾಗದಿದ್ದರೆ ಎಳೆದಷ್ಟೂ ನೋವು. ಆದುದರಿಂದ ಈ ವಿಭಾಗದ ಸ್ಪರ್ಧಿಯ ಶೀಲವು ಪರೀಕ್ಷೆಗೊಳಗಾಗುವುದು ಸ್ಪರ್ಧೆಯ ದಿನದಂದಲ್ಲ, ಅದಕ್ಕೆ ಹಲವು ವಾರಗಳ ಮೊದಲು, ಕೂದಲು ಪಕ್ವವಾಗುವವರೆಗೆ ಕಾದಿರುವ ತಾಳ್ಮೆಯಲ್ಲಿ. ಕಾಲ ಕೂಡಿಬರಲಿಲ್ಲವೆಂದು ಮನೆಯಲ್ಲಿ ಉಳಿದವರನ್ನು ಯಾವ ತೀರ್ಪುಗಾರರೂ ಕಾಣರು. ಧರ್ಮದ ಬಹುಭಾಗ ಹೀಗೆ ಸಾಕ್ಷಿಗಳಿಲ್ಲದೆಯೇ ನಡೆಯತಕ್ಕದ್ದು.

ಜರ್ಮನಿಯ ತತ್ತ್ವಜ್ಞ ಕಾಂಟ್ ಈ ವಿಚಾರದಲ್ಲಿ ಬೇರೊಂದು ಮಾತನ್ನು ಹೇಳಿದ್ದಾನೆ. ಪ್ರಾಣಿಗಳಿಗೆ ನಾವು ನೇರವಾಗಿ ಋಣಿಗಳಲ್ಲ. ಅವುಗಳಲ್ಲಿ ಕ್ರೂರವಾಗಿ ನಡೆದುಕೊಂಡವನ ಹೃದಯ ಮನುಷ್ಯರ ವಿಷಯದಲ್ಲಿಯೂ ಕಲ್ಲಾಗುವುದರಿಂದ, ಅವುಗಳಿಗೆ ತೋರುವ ದಯೆ ವಸ್ತುತಃ ಮಾನವಕುಲಕ್ಕೇ ಸಲ್ಲುವ ಕರ್ತವ್ಯವೆಂದು ಅವನ ಮತ. ಇಂಗ್ಲೆಂಡಿನ ತತ್ತ್ವಜ್ಞ ಬೆಂಥಮನಾದರೋ 1789ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ಪ್ರಾಣಿಗೆ ವಿವೇಕವುಂಟೆ, ಮಾತುಂಟೆ ಎಂದು ಕೇಳುವುದನ್ನು ಬಿಟ್ಟು ಅದಕ್ಕೆ ನೋವುಂಟೆ ಎಂದು ಕೇಳಬೇಕೆಂದನು. ಮಾಗದ ಕೂದಲನ್ನು ಎಳೆದಾಗ ಮುದುಡಿಕೊಳ್ಳುವ ನಾಯಿಯ ಚರ್ಮವು ಬೆಂಥಮನ ಪಕ್ಷದಲ್ಲಿಯೇ ಸಾಕ್ಷಿ ನುಡಿಯುತ್ತದೆ. ಆ ನೋವು ತಪ್ಪಾದುದು ಅದು ಆ ನಾಯಿಯ ನೋವಾದುದರಿಂದ, ಮುಂದೆಂದೋ ಯಾವನೋ ಮನುಷ್ಯನಿಗೆ ಆಗಬಹುದಾದ ಕೇಡಿನ ನಿಮಿತ್ತದಿಂದಲ್ಲ.

ಆದರೆ ಒಂದೆಡೆ ಕಾಂಟನ ಮಾತನ್ನು ಒಪ್ಪಲೇಬೇಕು. ಪೂಡಲ್ ನಾಯಿಯ ಕೂದಲನ್ನು ತಿಂಗಳುಗಟ್ಟಲೆ ಬೆಳೆಸಿ, ನಿರಪಾಯವಾದ ಬಣ್ಣಗಳನ್ನು ಹಚ್ಚಿ, ಮೈಮೇಲೆಯೇ ಹೂವು, ಹಕ್ಕಿ, ಮೃಗಗಳ ಆಕಾರಗಳನ್ನು ಕತ್ತರಿಸಿ ಮೂಡಿಸುವ ಒಂದು ವಿಭಾಗವುಂಟು. 2019ರ ‘ವೆಲ್ ಗ್ರೂಮ್ಡ್’ ಎಂಬ ಸಾಕ್ಷ್ಯಚಿತ್ರದ ವಸ್ತು ಇದೇ. ಈ ವಿಭಾಗದ ಸ್ಪರ್ಧೆಗೆ ನೆರೆದವರು ನಾಯಿಯತ್ತ ಬೆರಳು ತೋರಿ ಅಪಹಾಸ್ಯ ಮಾಡಿದರೆ ಆ ಅವಮಾನವು ನಾಯಿಗೆ ತಿಳಿಯದು, ಮಾಡಿದವರ ಮನಸ್ಸಿಗೇ ಅಂಟುತ್ತದೆ. ಕೌಶಲಕ್ಕೆ ಬೆರಗಾಗಿ ನಗುವುದು ಬೇರೆ, ಪ್ರಾಣಿಯನ್ನು ಹಾಸ್ಯವಸ್ತುವನ್ನಾಗಿಸಿ ನಗುವುದು ಬೇರೆ. ಎರಡನೆಯ ನಗೆಯನ್ನು ಬಯಸಿ ಕೆಲಸ ಮಾಡುವ ಪ್ರಸಾಧಕರು ಎಷ್ಟೇ ನಿಪುಣರಾದರೂ ನನ್ನ ಗೌರವಕ್ಕೆ ಪಾತ್ರರಲ್ಲ.

ನಮ್ಮ ಮಹಾಭಾರತದಲ್ಲಿ ನಾಯಿಯೆಂದೊಡನೆ ಎಲ್ಲರಿಗೂ ನೆನಪಾಗುವುದು ಯುಧಿಷ್ಠಿರನ ಮಹಾಪ್ರಸ್ಥಾನ. ಪ್ರಕೃತಕ್ಕೆ ಅದಕ್ಕಿಂತಲೂ ಹತ್ತಿರವಾದುದು ಆದಿಪರ್ವದಲ್ಲಿ ಬರುವ ಸರಮೆಯೆಂಬ ಹೆಣ್ಣುನಾಯಿಯ ಕಥೆ. ಕುರುಕ್ಷೇತ್ರದಲ್ಲಿ ಜನಮೇಜಯ ರಾಜನ ಸತ್ರ ನಡೆಯುತ್ತಿರುವಾಗ ಅಲ್ಲಿಗೆ ಬಂದ ಸರಮೆಯ ಮಗನನ್ನು ರಾಜನ ತಮ್ಮಂದಿರು ಹೊಡೆದರು. ಅದು ಹವಿಸ್ಸನ್ನು ನೆಕ್ಕಿರಲೂ ಇಲ್ಲ, ನೋಡಿರಲೂ ಇಲ್ಲ. ತಾಯಿ ಬಂದು ನಿರಪರಾಧಿಯನ್ನು ಏಕೆ ಹೊಡೆದಿರೆಂದು ಕೇಳಿದಾಗ ಅವರು ಉತ್ತರ ಕೊಡಲಿಲ್ಲ. ಕಾಣದ ಭಯವೊಂದು ನಿಮ್ಮನ್ನು ಮುಟ್ಟಲಿ ಎಂದು ಅವಳು ಶಪಿಸಿದಳು. ಸತ್ರ ಮುಗಿದ ಮೇಲೆ ರಾಜನು ಆ ದೋಷವನ್ನು ಶಮನಗೊಳಿಸಬಲ್ಲ ಪುರೋಹಿತನನ್ನು ಅರಸಿಕೊಂಡು ಅಲೆಯಬೇಕಾಯಿತು. ಮನುಷ್ಯರು ತಮಗಾಗಿ ಏರ್ಪಡಿಸಿಕೊಂಡ ಕರ್ಮ ಎಷ್ಟೇ ಸಾಂಗವಾಗಿ ನೆರವೇರಿದರೂ, ಅದರ ಅಂಗಳದಲ್ಲಿ ನಿಂತ ನಾಯಿಗೆ ಉತ್ತರ ಹೇಳಬೇಕಾದ ಹೊಣೆ ತಪ್ಪದೆಂದು ಆ ಪ್ರಾಚೀನ ಕಥೆ ಬಲ್ಲುದು.

ಈ ದೃಷ್ಟಿಯಿಂದ ನೋಡಿದರೆ, ನಾಯಿ ಬಳಲಿತೆಂದೋ ಬೆದರಿತೆಂದೋ ತಿಳಿದು ಒಂದು ಪಾರ್ಶ್ವವನ್ನು ಮಾತ್ರ ತಿದ್ದಿ ಕತ್ತರಿಯನ್ನು ಕೆಳಗಿಡುವ ಸ್ಪರ್ಧಿ, ತಿಂಗಳುಗಳ ಸಿದ್ಧತೆಯನ್ನೂ ಪ್ರವೇಶಶುಲ್ಕವನ್ನೂ ಬಿಟ್ಟುಕೊಟ್ಟು ತನ್ನ ಹೊಣೆಯನ್ನು ಪೂರ್ಣವಾಗಿ ನಿರ್ವಹಿಸಿದವನೇ ಸರಿ. ಹಾಗೆ ಹಿಂದೆಗೆದವರನ್ನು ವ್ಯವಸ್ಥಾಪಕರು ಅನುತ್ತೀರ್ಣರೊಡನೆ ಸೇರಿಸಬಾರದು. ಪ್ರೇಕ್ಷಕರು ಕಾರಣ ಕೇಳುತ್ತ ಅವರನ್ನು ಮುತ್ತದೆ, ನಾಯಿಯನ್ನು ಹೊರಕ್ಕೆ ಕರೆದೊಯ್ದು ನೀರು ಕುಡಿಸಲು ದಾರಿ ಬಿಡಬೇಕು.