ಧರ್ಮರಾಯನಿಗೆ ಎಷ್ಟನೇ ಸ್ಥಾನ?

2020ರ ಮೇ ತಿಂಗಳ ಹೊತ್ತಿಗೆ ಧಾರಾವಾಹಿಗಳ ಚಿತ್ರೀಕರಣ ನಿಂತು, ಚಾನೆಲ್‌ಗಳ ಕೈಯಲ್ಲಿ ಹೊಸ ಕಂತುಗಳೇ ಉಳಿದಿರಲಿಲ್ಲ. ಲಾಕ್‌ಡೌನಿನ ಆ ದಿನಗಳಲ್ಲಿ ಸ್ಟಾರ್ ಸುವರ್ಣ ವಾಹಿನಿ ಹಳೆಯ ಸರಕೊಂದನ್ನು ಹೊರತೆಗೆಯಿತು. 2013ರಲ್ಲಿ ಸ್ಟಾರ್ ಪ್ಲಸ್‌ನಲ್ಲಿ ಹಿಂದಿಯಲ್ಲಿ ಶುರುವಾಗಿದ್ದ ‘ಮಹಾಭಾರತ’ ಕನ್ನಡದ ಮಾತು ಹೊತ್ತು ಬಂತು. ಡಬ್ಬಿಂಗ್ ಬೇಡವೇ ಬೇಡ ಎಂದು ದಶಕಗಳ ಕಾಲ ಪಟ್ಟು ಹಿಡಿದಿದ್ದ ನಾಡು ಅದನ್ನು ಮನೆಮಂದಿಯೆಲ್ಲ ಕೂತು ನೋಡಿತು. ಸೌರಭ್ ರಾಜ್ ಜೈನ್ ಮಾಡಿದ ಕೃಷ್ಣ ಶಾಲೆಯಿಲ್ಲದ ಮಕ್ಕಳಿಗೆ ಕನ್ನಡದವನೇ ಆಗಿಹೋದ. ಕಂತು ಮುಗಿದ ಮೇಲೆ ಮನೆಮನೆಯಲ್ಲಿ ನಡೆದದ್ದು ಮಾತ್ರ ಹಳೇ ಜಗಳ. ಕರ್ಣ ಮೇಲೋ, ಅರ್ಜುನ ಮೇಲೋ? ಮೊದಲು ಯಾರು, ಆಮೇಲೆ ಯಾರು? ಧರ್ಮರಾಯನಿಗೆ ಎಷ್ಟನೇ ಸ್ಥಾನ?

ಕೇಳಲು ಹುಡುಗಾಟ. ಆದರೆ ಒಳಗೆ ಕೂತಿರುವುದು ಧರ್ಮದ ಪ್ರಶ್ನೆಯೇ. ಒಳ್ಳೆಯವನು ಯಾರೆಂದು ಗೊತ್ತಿದ್ದೂ ಮನಸ್ಸು ಬೇರೊಬ್ಬನಿಗೆ ಒಲಿದರೆ ಅದು ತಪ್ಪೇ? ಮೆಚ್ಚುಗೆಗೆ ಒಂದು, ಎರಡು, ಮೂರು ಎಂದು ಅಂಕಿ ಹಾಕಬಹುದೇ?

ಐಮಂಗಲದಂಥ ಊರಿಗೆ ಈ ಪ್ರಶ್ನೆ ಟಿ.ವಿ. ಜೊತೆ ಬಂದದ್ದಲ್ಲ. ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಹೋಗುವ ಹೆದ್ದಾರಿಯ ಈ ಹೋಬಳಿ ಕೇಂದ್ರವನ್ನು ಹೊರಗಿನವರು ಪೊಲೀಸ್ ತರಬೇತಿ ಶಾಲೆಯಿಂದ ಗುರುತಿಸುತ್ತಾರೆ. ಸುತ್ತ ಮಳೆ ನಂಬಿದ ಹೊಲಗಳು. ಹಿರಿಯೂರು, ಚಳ್ಳಕೆರೆ, ಶಿರಾ ಸೀಮೆಯ ಹಳ್ಳಿಗಳಲ್ಲಿ ಹಬ್ಬ, ಜಾತ್ರೆಯ ನೆಪದಲ್ಲಿ ‘ಕುರುಕ್ಷೇತ್ರ’ ನಾಟಕ ಕಟ್ಟುವುದು ರೂಢಿ. ಈ ನಾಟಕದಲ್ಲಿ ಊರಿನ ನಟನಿಗೆ ಸಂಭಾವನೆ ಇಲ್ಲ, ಪಾತ್ರ ಬೇಕಾದವನೇ ದುಡ್ಡು ಕಟ್ಟಬೇಕು. ಹಾರ್ಮೋನಿಯಂ ಮೇಷ್ಟ್ರಿಗೆ ಕೊಡುವುದು, ಸೀನರಿ ಬಾಡಿಗೆ, ಡ್ರೆಸ್ಸು, ಮೈಕು, ಹೊರಗಿನಿಂದ ಕರೆಸುವ ನಟಿಯರ ಖರ್ಚು ಎಲ್ಲ ಹೊರಡುವುದು ಆ ಹಣದಲ್ಲೇ. ಯಾವ ಪಾತ್ರಕ್ಕೆ ಎಷ್ಟೆಂಬುದು ತಾಲೀಮಿಗೆ ಮುಂಚೆಯೇ ತೀರ್ಮಾನವಾಗುತ್ತದೆ. ಸಾಮಾನ್ಯವಾಗಿ ದುರ್ಯೋಧನ, ಕೃಷ್ಣರದು ಮೇಲಿನ ದರ. ಕರ್ಣ, ಭೀಮ, ಅರ್ಜುನರು ಅವರ ಹಿಂದೆ. ಧರ್ಮರಾಯನಿಗೆ ಅಂಥ ಪೈಪೋಟಿ ಇರುವುದಿಲ್ಲ. ವಿದುರ, ಸಂಜಯರು ಕೊನೆಗೆ ಉಳಿದವರ ಪಾಲು.

ನಡುರಾತ್ರಿ ದುರ್ಯೋಧನ ಗದೆಯನ್ನು ಹೆಗಲಿಗೇರಿಸಿ ಕಂದ ಎತ್ತಿದನೆಂದರೆ ಒನ್ಸ್ ಮೋರ್ ಬೀಳುತ್ತದೆ. ನೆಂಟರು, ಗೆಳೆಯರು ರಂಗಕ್ಕೇ ಹತ್ತಿ ಹಾರ ಹಾಕುತ್ತಾರೆ, ನೋಟು ಸಿಕ್ಕಿಸುತ್ತಾರೆ, ಕೆಲವೊಮ್ಮೆ ಬೆರಳಿಗೆ ಉಂಗುರವನ್ನೂ ತೊಡಿಸುತ್ತಾರೆ. ಅಷ್ಟು ಹೊತ್ತೂ ಕೌರವರ ಸಭೆ ಸುಮ್ಮನೆ ನಿಂತಿರುತ್ತದೆ. ನೋಡುವವರನ್ನು ತಡೆದು ನ್ಯಾಯ ಯಾರ ಕಡೆ ಎಂದು ಕೇಳಿ ನೋಡಿ, ಪಾಂಡವರ ಕಡೆ ಎನ್ನುತ್ತಾರೆ, ಅನುಮಾನವೇ ಇಲ್ಲ. ಆದರೆ ಊರಿನ ದುಡ್ಡು, ಹಾರ, ಶಿಳ್ಳೆ ಬಿದ್ದಿರುವುದು ಇನ್ನೊಂದು ಕಡೆ. ಯಾರು ಸರಿ ಎಂಬ ಲೆಕ್ಕ ಬೇರೆ, ಯಾರು ಇಷ್ಟ ಎಂಬ ಲೆಕ್ಕ ಬೇರೆ. ಎರಡನ್ನೂ ಒಂದೇ ತಲೆಯಲ್ಲಿ ಇಟ್ಟುಕೊಂಡು ಜನ ರಾತ್ರಿಯಿಡೀ ಕೂರುತ್ತಾರೆ.

ಗ್ರೀಸಿನ ಪ್ಲೇಟೋಗೆ ದಿಗಿಲಾಗಿದ್ದು ಇದೇ. ನಾಟಕ, ಕಾವ್ಯಗಳಲ್ಲಿ ನಾವು ಮೆಚ್ಚಿ ಮರುಗುವ ಸ್ವಭಾವ ಕ್ರಮೇಣ ನಮ್ಮದೇ ಆಗಿಬಿಡುತ್ತದೆ ಎಂದು ‘ರಿಪಬ್ಲಿಕ್’ನಲ್ಲಿ ವಾದಿಸಿ, ಕವಿಗಳನ್ನು ತನ್ನ ಆದರ್ಶ ಪಟ್ಟಣದ ಹೊರಗಿಟ್ಟ. ಆದರೆ ಸೂಜಿಮೊನೆಯಷ್ಟೂ ನೆಲ ಬಿಡದ ದಾಯಾದಿಗಳು ಹುಟ್ಟುವುದಕ್ಕೆ ನಾಟಕ ಬೇಕೇ? ಯಾವ ತಾಲ್ಲೂಕು ಕೋರ್ಟಿನ ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂತರೂ ಉತ್ತರ ಸಿಗುತ್ತದೆ.

ಕನ್ನಡದ ಮಟ್ಟಿಗೆ ಪ್ಲೇಟೋಗೆ ಉತ್ತರ ಕೊಟ್ಟವನು ಪಂಪ, ಅದೂ ಗ್ರೀಸಿನ ಸುದ್ದಿಯೇ ಇಲ್ಲದೆ. 941ರ ‘ವಿಕ್ರಮಾರ್ಜುನ ವಿಜಯ’ದಲ್ಲಿ ಅವನಿಗೆ ಆಶ್ರಯ ಕೊಟ್ಟ ಅರಿಕೇಸರಿಯೇ ಅರ್ಜುನ. ಆ ರಾಜನಿಗಾಗಿ ಪಂಪ ಕಥೆಯನ್ನೇ ತಿರುಗಿಸಿದ. ದ್ರೌಪದಿ ಅರ್ಜುನನೊಬ್ಬನ ಹೆಂಡತಿಯಾದಳು, ಕೊನೆಗೆ ಪಟ್ಟವೂ ಅರ್ಜುನನಿಗೇ ಆಯಿತು. ಅನ್ನದ ಋಣ ಇಷ್ಟೆಲ್ಲ ಮಾಡಿಸಿತು, ಮನಸ್ಸನ್ನು ಮಾತ್ರ ತಿರುಗಿಸಲಾಗಲಿಲ್ಲ. ಕರ್ಣ ಬಿದ್ದಾಗ ಪಂಪ, ಭಾರತದಲ್ಲಿ ಯಾರನ್ನಾದರೂ ನೆನೆಯುವುದಿದ್ದರೆ ಬೇರೆ ಯಾರನ್ನೂ ಅಲ್ಲ, ಒಂದೇ ಮನಸ್ಸಿನಿಂದ ಕರ್ಣನನ್ನು ನೆನೆಯಿರಿ ಎಂಬರ್ಥದ ಮಾತು ಹೇಳಿಬಿಟ್ಟ. ರಾಜನ ಕಾವ್ಯದಲ್ಲೇ ರಾಜನ ಎದುರಾಳಿಗೆ ಮೊದಲ ಸ್ಥಾನ!

ಅಲ್ಲಿಗೇ ಬಿಟ್ಟಿದ್ದರೆ ಅದು ಬರಿಯ ಒಲವಾಗುತ್ತಿತ್ತು. ಕಾವ್ಯದ ಕೊನೆಗೆ ಬರುವ ಪದ್ಯವೊಂದರಲ್ಲಿ ಅವನು ಇಡೀ ಪಟ್ಟಿಯನ್ನೇ ಕೊಡುತ್ತಾನೆ. ಛಲಕ್ಕೆ ದುರ್ಯೋಧನ, ಸತ್ಯಕ್ಕೆ ಕರ್ಣ, ಪೌರುಷಕ್ಕೆ ಭೀಮ, ಬಲಕ್ಕೆ ಶಲ್ಯ, ಔನ್ನತ್ಯಕ್ಕೆ ಭೀಷ್ಮ, ಬಿಲ್ವಿದ್ಯೆಗೆ ದ್ರೋಣ, ಸಾಹಸಕ್ಕೆ ಅರ್ಜುನ, ಧರ್ಮದಲ್ಲಿ ನಿರ್ಮಲವಾದ ಮನಸ್ಸಿಗೆ ಧರ್ಮರಾಯ. ಕನ್ನಡದಲ್ಲಿ ಮೆಚ್ಚಿನ ಪಾತ್ರಗಳ ಪಟ್ಟಿ ಮಾಡಿದವರಲ್ಲಿ ಇಷ್ಟು ಹಳಬರು ಬೇರೆ ಯಾರಿದ್ದಾರೆ? ಇದರ ಜಾಣತನ ನೋಡಬೇಕು. ಪ್ರತಿಯೊಬ್ಬನ ಹೆಸರಿಗೂ ಒಂದು ಕಾರಣ ಅಂಟಿಕೊಂಡಿದೆ. ದುರ್ಯೋಧನನ ಛಲಕ್ಕೆ ತಲೆದೂಗಿದವನು ಅವನ ನಡತೆಗೆ ಸಹಿ ಹಾಕಬೇಕಾಗಿಲ್ಲ. ಧರ್ಮರಾಯನೂ ಕೆಳಗೆ ಬೀಳುವುದಿಲ್ಲ, ಏಕೆಂದರೆ ಅವನು ಛಲದ ಸಾಲಿನಲ್ಲಿ ನಿಂತೇ ಇಲ್ಲ. ಹಳ್ಳಿಯ ಪ್ರೇಕ್ಷಕ ಹಾರ ಹಾಕುವುದೂ ಛಲಕ್ಕೆ, ಸೂಜಿಮೊನೆಯ ಲೆಕ್ಕಾಚಾರಕ್ಕಲ್ಲ.

ಇನ್ನು ಧರ್ಮರಾಯನಿಗೂ ಒಂದು ಪಟ್ಟಿ ಇತ್ತು. ವ್ಯಾಸ ಭಾರತದ ಸ್ವರ್ಗಾರೋಹಣ ಪರ್ವದಲ್ಲಿ ಅವನು ಸ್ವರ್ಗಕ್ಕೆ ಕಾಲಿಟ್ಟರೆ ಎದುರಿಗೇ ದುರ್ಯೋಧನ, ಸೂರ್ಯನಂತೆ ಬೆಳಗುತ್ತ ಆಸನದಲ್ಲಿ ಕೂತಿದ್ದಾನೆ. ತಮ್ಮಂದಿರು ಎಲ್ಲೂ ಇಲ್ಲ. ಜನ್ಮವಿಡೀ ಸಿಟ್ಟು ನುಂಗಿದವನಿಗೆ ಸ್ವರ್ಗದಲ್ಲಿ ಸಿಟ್ಟು ಬಂತು. ಇವನ ಮುಖ ನೋಡಲೂ ನನಗಿಷ್ಟವಿಲ್ಲ, ನನ್ನವರಿದ್ದಲ್ಲಿಗೆ ಹೋಗುತ್ತೇನೆ ಎಂದ. ಸ್ವರ್ಗದಲ್ಲಿ ಹಗೆಗಳಿಗೆ ಜಾಗವಿಲ್ಲ, ಅವನು ಕ್ಷತ್ರಿಯ ಧರ್ಮದಂತೆ ಹೋರಾಡಿ ಸತ್ತವನು ಎಂದು ನಾರದ ಸಮಾಧಾನ ಹೇಳಿದ, ಧರ್ಮರಾಯ ಕೇಳಲಿಲ್ಲ. ದಾರಿ ಹಿಡಿದು ಹೋದರೆ ತಮ್ಮಂದಿರೂ ದ್ರೌಪದಿಯೂ ಸಿಕ್ಕಿದ್ದು ನರಕದಲ್ಲಿ. ಆ ನಾರುವ ಕತ್ತಲಲ್ಲಿ ಅವನು ಇಲ್ಲೇ ಇರುತ್ತೇನೆಂದು ನಿಂತುಬಿಟ್ಟ. ಅದು ಮಾಯೆಯೆಂದು ಆಮೇಲೆ ತಿಳಿಯುತ್ತದೆ, ನಿಲ್ಲುವಾಗ ಅವನಿಗದು ಗೊತ್ತಿರಲಿಲ್ಲ. ದೇವತೆಗಳು ಯಾರನ್ನು ಎಲ್ಲಿ ಕೂರಿಸಿದರೂ ತನ್ನವರು ಯಾರೆಂಬುದನ್ನು ಅವನು ಬದಲಿಸಲಿಲ್ಲ. ನಾಟಕದಲ್ಲಿ ಅಗ್ಗಕ್ಕೆ ಹೋಗುವ ಈ ಪಾತ್ರದಲ್ಲಿ ಇಂಥದ್ದೊಂದು ಹಟವಿದೆ. ‘ಕುರುಕ್ಷೇತ್ರ’ದ ಪರದೆ ಅದಕ್ಕೆ ಮುಂಚೆಯೇ ಬೀಳುವುದು ಧರ್ಮರಾಯನ ಪಾತ್ರಧಾರಿಗಳಿಗೆ ಆಗಿರುವ ನಷ್ಟ.

ದೇವರಿಗಾದರೂ ಮೆಚ್ಚಿನವರಿಲ್ಲವೇ? ಗೀತೆಯ 9ನೇ ಅಧ್ಯಾಯದಲ್ಲಿ ಕೃಷ್ಣ, ತನಗೆ ಎಲ್ಲರೂ ಸಮ, ಬೇಡದವರಿಲ್ಲ, ಪ್ರಿಯರೂ ಇಲ್ಲ ಎನ್ನುತ್ತಾನೆ. 12ನೇ ಅಧ್ಯಾಯಕ್ಕೆ ಬಂದರೆ ತನಗೆ ಪ್ರಿಯನಾದವನು ಯಾರೆಂದು ಒಂದಾದ ಮೇಲೊಂದು ಶ್ಲೋಕದಲ್ಲಿ ಹೇಳುತ್ತ ಹೋಗುತ್ತಾನೆ, ಕೊನೆಗೆ ಅತಿ ಪ್ರಿಯ ಎಂಬ ದರ್ಜೆಯೂ ಬರುತ್ತದೆ. ಇನ್ನೂ ಸೋಜಿಗವೆಂದರೆ ಆ ಪ್ರಿಯನ ಲಕ್ಷಣ. ಹಿಗ್ಗದವನು, ದ್ವೇಷಿಸದವನು, ಶತ್ರು ಮಿತ್ರರನ್ನು ಒಂದೇ ಎಂದು ಕಾಣುವವನು. ಮೆಚ್ಚಿನ ಪಟ್ಟಿಯೇ ಇಲ್ಲದವನಿಗೆ ಭಗವಂತನ ಪಟ್ಟಿಯಲ್ಲಿ ಮೇಲಿನ ಜಾಗ!

ಈ ಗಂಟನ್ನು ಕರ್ನಾಟಕದ ಎರಡು ಮತಗಳು ಎರಡು ತುದಿಯಿಂದ ಬಿಚ್ಚಿದವು. ಮಧ್ವರ ಪ್ರಕಾರ ತಾರತಮ್ಯ ನೋಡುವವನ ಕಣ್ಣಿನಲ್ಲಿಲ್ಲ, ವಸ್ತುವಿನಲ್ಲೇ ಇದೆ. ದೇವತೆಗಳಲ್ಲೂ ಮೇಲು ಕೆಳಗುಂಟು, ಮೋಕ್ಷಕ್ಕೆ ಹೋದ ಜೀವರ ಆನಂದದಲ್ಲೂ ಹೆಚ್ಚು ಕಡಿಮೆಯುಂಟು. ಜಗನ್ನಾಥದಾಸರು ‘ಹರಿಕಥಾಮೃತಸಾರ’ದಲ್ಲಿ ತಾರತಮ್ಯಕ್ಕೆಂದೇ ಸಂಧಿಗಳನ್ನು ಬರೆದಿದ್ದಾರೆ. ಅಲ್ಲಿ ಭಕ್ತನ ಕೆಲಸ ಪಟ್ಟಿ ಕಟ್ಟುವುದಲ್ಲ, ಇರುವ ಪಟ್ಟಿಯನ್ನು ಸರಿಯಾಗಿ ತಿಳಿಯುವುದು. ಬಸವಣ್ಣನವರ ದಾರಿಯಲ್ಲಿ ಎರಡನೇ ಸ್ಥಾನ ಎಂಬುದೇ ಇಲ್ಲ. ಅಂಗೈಯ ಇಷ್ಟಲಿಂಗವೊಂದೇ ದೈವ, ಅದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ತೂಗುವುದೇ ನಿಷ್ಠೆಗೆ ಭಂಗ. ಒಲವು ಹೆಚ್ಚಾದರೆ ಎಣಿಕೆ ನಿಲ್ಲುತ್ತದೆ ಎಂಬುದಕ್ಕೆ ಈ ಸೀಮೆಯಲ್ಲಿ ಬೇರೆ ಸಾಕ್ಷಿಯೂ ಇದೆ. ಕಾಡುಗೊಲ್ಲರ ಹಟ್ಟಿಗಳಲ್ಲಿ ದನ ಕಾಯ್ದ ಜುಂಜಪ್ಪ, ಎತ್ತಪ್ಪರು ಹಾಡಿನ ನಾಯಕರಾಗಿ, ಹಾಡಿನಿಂದಲೇ ದೈವವಾದರು. ಅವರಲ್ಲಿ ಎಷ್ಟನೆಯವರು ಯಾರು ಎಂದು ಹಟ್ಟಿಯಲ್ಲಿ ಯಾರೂ ಕೇಳುವುದಿಲ್ಲ. 1987ರಲ್ಲಿ ರಮಾನಂದ ಸಾಗರರ ‘ರಾಮಾಯಣ’ ದೂರದರ್ಶನದಲ್ಲಿ ಶುರುವಾದಾಗ ಜನ ಭಾನುವಾರ ಸ್ನಾನ ಮಾಡಿ, ಟಿ.ವಿ.ಗೆ ಹೂವು ಮುಡಿಸಿ, ಊದುಬತ್ತಿ ಹಚ್ಚಿ ಕೂತರು. ರಾಮನ ಪಾತ್ರ ಮಾಡಿದ ಅರುಣ್ ಗೋವಿಲ್ ಅವರ ಕಾಲಿಗೆ ಬಿದ್ದವರು ನಟನೆಗೆ ಅಂಕ ಕೊಡಲು ಬಂದವರಲ್ಲ.

ಹಾಗಾದರೆ ಅಂಕಿ ಹಾಕುವುದು ಕೀಳು ಕೆಲಸವೇ? ಅಲ್ಲ, ಒಲವು ವಿಚಾರಕ್ಕೆ ತಿರುಗುವುದೇ ಅಲ್ಲಿ. ‘ನನಗಿಷ್ಟ’ ಎಂದವನನ್ನು ಯಾರೂ ಏನೂ ಕೇಳುವಂತಿಲ್ಲ. ‘ಇವನಿಗಿಂತ ಅವನು ಮೇಲು’ ಎಂದನೋ, ಏಕೆ ಎಂಬ ಪ್ರಶ್ನೆ ಬಂತು, ಅವನು ಬಾಯಿ ಬಿಡಲೇಬೇಕು. ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ 1757ರಲ್ಲಿ ಅಭಿರುಚಿಯ ಬಗ್ಗೆ ಬರೆಯುತ್ತ, ಇಪ್ಪತ್ತರಲ್ಲಿ ಓವಿಡ್, ನಲವತ್ತರಲ್ಲಿ ಹೊರೇಸ್, ಐವತ್ತರಲ್ಲಿ ಟ್ಯಾಸಿಟಸ್ ಮೆಚ್ಚಿನವನಾಗಬಹುದು ಎಂದ. ಸ್ನೇಹಿತನನ್ನು ಆರಿಸಿಕೊಂಡಂತೆ ಲೇಖಕನನ್ನೂ ಸ್ವಭಾವ ನೋಡಿ ಆರಿಸಿಕೊಳ್ಳುತ್ತೇವೆ ಎಂಬುದು ಅವನ ಮಾತು. ವಯಸ್ಸಿನ ಜೊತೆ ಪಟ್ಟಿ ಬದಲಾದರೆ ನಾಚಬೇಕಿಲ್ಲ. ಹದಿನೈದಕ್ಕೆ ಅಭಿಮನ್ಯುವನ್ನು ಮೆಚ್ಚಿದವರು ಐವತ್ತಕ್ಕೆ ವಿದುರನ ಕಡೆ ವಾಲುವುದು ಸಹಜವೇ.

ಕಾರಣವನ್ನೇ ಕಿತ್ತುಹಾಕಿದ ಪಟ್ಟಿಗಳೂ ಇವೆ, ಈಗ ಅವುಗಳದೇ ಕಾರುಬಾರು. ಪ್ರತಿ ಗುರುವಾರ ಟಿಆರ್‌ಪಿ ಬರುತ್ತದೆ, ಧಾರಾವಾಹಿಗಳು ಒಂದೇ ಏಣಿಯಲ್ಲಿ ಹತ್ತುತ್ತವೆ, ಇಳಿಯುತ್ತವೆ. ಎಷ್ಟು ಮಂದಿ ನೋಡಿದರು ಎಂಬುದು ಅದಕ್ಕೆ ಗೊತ್ತು, ಏನನ್ನು ಕಂಡು ಮೆಚ್ಚಿದರು ಎಂಬುದು ಗೊತ್ತಿಲ್ಲ. 2025ರ ಜನವರಿಯಲ್ಲಿ ‘ಬಿಗ್ ಬಾಸ್ ಕನ್ನಡ’ದ 11ನೇ ಸೀಸನ್ ಗೆದ್ದದ್ದು ಹಾವೇರಿ ಜಿಲ್ಲೆಯ ಹನುಮಂತ ಲಮಾಣಿ. ‘ಸರಿಗಮಪ’ದಲ್ಲಿ ಹಾಡಿ ಹೆಸರಾದ ಈ ಕುರಿಗಾಹಿ ಹುಡುಗ ನಡುವೆ ವೈಲ್ಡ್ ಕಾರ್ಡ್ ಆಗಿ ಒಳಗೆ ಹೋದವರು. ಬಿದ್ದ ವೋಟು 5 ಕೋಟಿಗೂ ಹೆಚ್ಚು. ಒಬ್ಬರೇ ಹಲವು ಬಾರಿ ಒತ್ತಬಹುದಾದ ವೋಟು ಎಂಬುದು ಅಂಕಿಯಲ್ಲೇ ಗೊತ್ತಾಗುತ್ತದೆ. ಆದರೆ ಅವು ಬಿದ್ದದ್ದು ಅವರ ಮುಗ್ಧತೆಗೋ, ಹಾಡಿಗೋ, ಹಳ್ಳಿತನಕ್ಕೋ, ಒಳಗೊಳಗಿನ ಜಾಣತನಕ್ಕೋ? ಪಂಪನಾಗಿದ್ದರೆ ಒಂದು ಪದ ಬರೆದು ಬಿಡಿಸಿಡುತ್ತಿದ್ದ. ವೋಟಿನ ಗುಂಡಿಗೆ ಆ ಪದ ತಿಳಿಯದು.

ಇದಕ್ಕೆ ತದ್ವಿರುದ್ಧವಾದ ಘಟನೆಯೊಂದು ‘ಮಹಾಭಾರತ’ ಕನ್ನಡಕ್ಕೆ ಬಂದ ಅದೇ 2020ರಲ್ಲಿ ನಡೆಯಿತು. ಜುಲೈಯಲ್ಲಿ ಜೀ ಕನ್ನಡ ‘ಮಹಾನಾಯಕ ಡಾ. ಬಿ.ಆರ್. ಅಂಬೇಡ್ಕರ್’ ಧಾರಾವಾಹಿಯನ್ನು ಹಿಂದಿಯಿಂದ ಡಬ್ ಮಾಡಿ ಬಿತ್ತರಿಸತೊಡಗಿತು. ನಿಲ್ಲಿಸಿ ಎಂದು ಬೆದರಿಕೆಯ ಕರೆಗಳು ಬಂದಿವೆ ಎಂದು ವಾಹಿನಿಯ ಮುಖ್ಯಸ್ಥರೇ ಹೇಳಿಕೊಂಡರು. ಅದಕ್ಕೆ ರಾಜ್ಯದ ಎಷ್ಟೋ ಹಳ್ಳಿಗಳ ದಲಿತ ಕೇರಿಗಳು ಉತ್ತರ ಕೊಟ್ಟದ್ದು ಫ್ಲೆಕ್ಸ್ ಕಟ್ಟಿ. ಧಾರಾವಾಹಿಯ ಹೆಸರು, ಅಂಬೇಡ್ಕರ್ ಚಿತ್ರ, ಕೆಳಗೆ ಊರ ಹುಡುಗರ ಸಾಲು ಸಾಲು ಫೋಟೊ. ಟಿ.ವಿ. ಕಾರ್ಯಕ್ರಮಕ್ಕೆ ಪ್ರೇಕ್ಷಕರೇ ದುಡ್ಡು ಹಾಕಿ ಬೀದಿಯಲ್ಲಿ ಬ್ಯಾನರ್ ಏರಿಸುವುದು ಅಪರೂಪ. ತರಗತಿಯಲ್ಲಿ ಬೇರೆ ಕೂತ, ನೀರಿನ ಗಡಿಗೆ ಮುಟ್ಟಬಾರದ ಹುಡುಗ ಪರದೆಯ ಮೇಲೆ ನಾಯಕನಾಗಿದ್ದ. ಮೆಚ್ಚಿದ್ದೇಕೆ ಎಂದು ಈ ಪ್ರೇಕ್ಷಕರನ್ನು ಕೇಳಬೇಕಾಗಿರಲಿಲ್ಲ.

ಆ ಮಹಾನಾಯಕರೇ ಈ ವಿಷಯದ ಬಗ್ಗೆ ಗಟ್ಟಿಯಾಗಿ ಯೋಚಿಸಿದ್ದರು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ, ಧರ್ಮದಲ್ಲಿ ಭಕ್ತಿ ಮುಕ್ತಿಗೆ ದಾರಿಯಾದೀತು, ರಾಜಕೀಯದಲ್ಲಿ ಅದು ಅಧೋಗತಿಗೂ ಸರ್ವಾಧಿಕಾರಕ್ಕೂ ದಾರಿ ಎಂದು ಎಚ್ಚರಿಸಿದ್ದು ಎಲ್ಲರಿಗೂ ಗೊತ್ತಿರುವ ಮಾತು. ಅಷ್ಟು ಗೊತ್ತಿಲ್ಲದ್ದು 1943ರ ಜನವರಿಯಲ್ಲಿ ಪುಣೆಯಲ್ಲಿ ಸಮಾಜ ಸುಧಾರಕ ರಾನಡೆಯವರ ಕುರಿತು ಮಾಡಿದ ಭಾಷಣ. ಮೆಚ್ಚಿ ಗೌರವಿಸುವ ವೀರಾರಾಧನೆಯಲ್ಲಿ ಅವರಿಗೆ ತಪ್ಪು ಕಾಣಲಿಲ್ಲ, ವಿವೇಕ ಒತ್ತೆಯಿಟ್ಟು ಹೇಳಿದಂತೆ ಕೇಳುವ ಆರಾಧನೆಯನ್ನು ಮಾತ್ರ ಕೇಡು ಎಂದರು. ಮಹಾಪುರುಷ ಎನ್ನಬೇಕಾದರೆ ಏನೇನಿರಬೇಕೆಂದು ಮೊದಲು ಅಳತೆಗೋಲು ಹಿಡಿದರು. ಆಮೇಲೆ ರಾನಡೆ, ಗಾಂಧಿ, ಜಿನ್ನಾ ಮೂವರನ್ನೂ ಅದರಲ್ಲಿ ಅಳೆದು, ರಾನಡೆಯವರನ್ನು ಉಳಿದಿಬ್ಬರಿಗಿಂತ ಮೇಲೆ ಇಟ್ಟರು. ಕಾಂಗ್ರೆಸ್ ಪರ ಪತ್ರಿಕೆಗಳು ಮುಗಿಬಿದ್ದವು. ಅದೇ ವರ್ಷ ಭಾಷಣ ಪುಸ್ತಕವಾಗಿ ಅಚ್ಚಾಗುವಾಗ ಅಂಬೇಡ್ಕರ್ ತಮ್ಮ ಕ್ರಮವನ್ನು ಬದಲಿಸಲಿಲ್ಲ, ಮುನ್ನುಡಿ ಬರೆದು ಟೀಕಾಕಾರರಿಗೆ ಜವಾಬು ಕೊಟ್ಟರು.