ವೈಷಮ್ಯವೂ ಬೀಜವೂ

ಇಪ್ಪತ್ತೊಂದನೆಯ ವರ್ಣತಂತು ಎರಡಕ್ಕೆ ಬದಲಾಗಿ ಮೂರಾಗಿ ಬಂದ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು, ಅದರ ಪುಟ್ಟ ಅಂಗೈಯ ಒಂಟಿಗೆರೆಯನ್ನು ಹೆಬ್ಬೆರಳಿನಿಂದ ಸವರುತ್ತ, ತಾಯಿಯೊಬ್ಬಳು ನನ್ನನ್ನು ಕೇಳಿದಳು: “ಯಾವ ಜನ್ಮದಲ್ಲಿ ಏನು ಪಾಪ ಮಾಡಿದ್ದೆನೋ, ಇದಕ್ಕೆ ಹೀಗಾಯಿತಲ್ಲ?” ಬಂಧುಗಳು ಆಡಿದ ಮಾತೇ ಅವಳ ಬಾಯಲ್ಲಿ ಪ್ರಶ್ನೆಯಾಗಿ ಹೊರಟಿತ್ತು, ಅಂದು ನಾನು ಸುಮ್ಮನೆ ತಲೆತಗ್ಗಿಸಿದೆನು.

ಹುಟ್ಟಿನ ತಾರತಮ್ಯ ನಮ್ಮ ಶಾಸ್ತ್ರಕಾರರನ್ನು ಕಾಡದೆ ಬಿಟ್ಟ ವಿಷಯವಲ್ಲ. ಒಬ್ಬನನ್ನು ಸುಖಿಯಾಗಿಯೂ ಇನ್ನೊಬ್ಬನನ್ನು ದುಃಖಿಯಾಗಿಯೂ ಸೃಜಿಸಿದ ಈಶ್ವರನಿಗೆ ವೈಷಮ್ಯ ನೈರ್ಘೃಣ್ಯಗಳೆಂಬ, ಅಂದರೆ ಪಕ್ಷಪಾತ ನಿರ್ದಯತೆಗಳೆಂಬ, ದೋಷಗಳು ತಗಲಲಾರವೆ ಎಂಬ ಆಕ್ಷೇಪವನ್ನು ಬ್ರಹ್ಮಸೂತ್ರದ ಎರಡನೆಯ ಅಧ್ಯಾಯವೇ ಎತ್ತಿಕೊಂಡಿದೆ. ಮಳೆ ಸಮಾನವಾಗಿ ಸುರಿದರೂ ಒಂದೆಡೆ ಭತ್ತವೂ ಇನ್ನೊಂದೆಡೆ ಜವೆಯೂ ಬೆಳೆಯುವುದು ಆಯಾ ಬೀಜದ ಸಾಮರ್ಥ್ಯದಿಂದ. ಈಶ್ವರನು ಮಳೆಯಂತೆ, ಜೀವರ ಕರ್ಮ ಬೀಜದಂತೆ ಎಂಬುದು ಶಂಕರಾಚಾರ್ಯರ ಸಮಾಧಾನ. ಹಾಗಾದರೆ ದೇಹ ಮೂಡುವ ಬೀಜವೇ ಬಗೆಬಗೆಯಾಗುವುದು ಹೇಗೆ?

1883ರಲ್ಲಿ ಬೆಲ್ಜಿಯಮಿನ ಜೀವವಿಜ್ಞಾನಿ ವಾನ್ ಬೆನೆಡೆನ್, ಕುದುರೆಯ ಕರುಳಿನ ಜಂತುವಿನ ಅಂಡದಲ್ಲಿ, ತಂದೆಯಿಂದಲೂ ತಾಯಿಯಿಂದಲೂ ಸಮಸಂಖ್ಯೆಯ ವರ್ಣತಂತುಗಳು ಬಂದು ಸೇರುವುದನ್ನು ಕಂಡನು. ನಮ್ಮ ನಲವತ್ತಾರು ವರ್ಣತಂತುಗಳು ಅಂಡಾಣು ವೀರ್ಯಾಣುಗಳಲ್ಲಿ ಇಪ್ಪತ್ಮೂರಾಗಿ ಇಳಿಯುವ ವಿಭಜನೆಗೆ ಮಿಯಾಸಿಸ್ ಎಂದು ಹೆಸರು. ಅದರ ಮೊದಲ ಹಂತದಲ್ಲಿ ತಂದೆಯ ಕಡೆಯ ತಂತುವೂ ತಾಯಿಯ ಕಡೆಯ ತಂತುವೂ ಪರಸ್ಪರ ಹುಡುಕಿ, ಉದ್ದಕ್ಕೂ ಮೈಗೆ ಮೈ ತಾಗಿಸಿ ನಿಂತು, ಅಲ್ಲಲ್ಲಿ ತುಂಡಾಗಿ ತಮ್ಮ ತುಣುಕುಗಳನ್ನು ಬದಲಿಸಿಕೊಳ್ಳುತ್ತವೆ. ಈರುಳ್ಳಿ ಹೂವಿನ ಎಳೆಯ ಮೊಗ್ಗಿನ ಕೇಸರವನ್ನು ಬಣ್ಣವೂಡಿಸಿ ಗಾಜಿನಡಿ ಅದುಮಿ ನೋಡಿದರೆ, ಬೆಸೆದುಕೊಂಡ ಆ ಜೋಡಿಗಳು ಕತ್ತರಿಯಂತೆಯೂ ಬಳೆಯಂತೆಯೂ ಕಾಣುತ್ತವೆ. ಹೀಗೆ ಅಜ್ಜನದೂ ಅಜ್ಜಿಯದೂ ಒಂದೇ ಎಳೆಯಲ್ಲಿ ಹೆಣೆದುಕೊಂಡು, ಹಿಂದೆಂದೂ ಇಲ್ಲದ ತಂತುವೊಂದು ಹುಟ್ಟುತ್ತದೆ. ಮುಂದೆ ಜೋಡಿಗಳು ಕೋಶದ ನಡುವೆ ಸಾಲುಗೂಡುವಾಗ ಯಾವುದು ಯಾವ ಧ್ರುವದತ್ತ ಮುಖಮಾಡುವುದೆಂಬುದಕ್ಕೆ ನಿಯಮವಿಲ್ಲ, ಒಂದು ಜೋಡಿ ಇನ್ನೊಂದನ್ನು ಕೇಳುವುದೂ ಇಲ್ಲ. ಇದೊಂದರಿಂದಲೇ 83,88,608 ಬಗೆಯ ಬೀಜಗಳು ಸಾಧ್ಯ. ಎರಡನೆಯ ವಿಭಜನೆ ಉಳಿದ ಎಳೆಗಳನ್ನು ಬಿಡಿಸಿಕೊಡುತ್ತದೆ.

ನನ್ನನ್ನು ಬಹುವಾಗಿ ತಡೆದು ನಿಲ್ಲಿಸಿದ ಸಂಗತಿ ಬೇರೆ. ಸ್ತ್ರೀಯಲ್ಲಿ ಈ ಕಾರ್ಯ ಆರಂಭವಾಗುವುದು ಅವಳು ಹುಟ್ಟುವ ಮುನ್ನ. ತುಣುಕುಗಳ ವಿನಿಮಯ ಮುಗಿದಮೇಲೆ ಅಂಡಕೋಶ ಅಲ್ಲಿಯೇ ತಡೆದು, ಹತ್ತಾರು ವರ್ಷ ಕಾದಿದ್ದು, ಹೊರಬೀಳುವ ಹೊತ್ತಿಗೆ ಮಿಕ್ಕ ಕೆಲಸವನ್ನು ಮುಂದುವರಿಸುತ್ತದೆ. ಆಗೊಮ್ಮೆ ಒಂದು ಜೋಡಿ ಬಿಡದೆ ಒಂದೇ ಕಡೆಗೆ ಸರಿದರೆ ಹುಟ್ಟುವ ಮಗುವಿಗೆ ತಂತುವೊಂದು ಹೆಚ್ಚಾಗುತ್ತದೆ. ಪ್ರತಿಯೊಂದು ಮಗುವನ್ನೂ ಅಪೂರ್ವವಾಗಿ ಮಾಡುವ ಚಲನೆಯೇ ಇಲ್ಲಿ ತಡವರಿಸಿದೆ. ಜೀವನು ತನ್ನ ಕರ್ಮಕ್ಕೆ ತಕ್ಕ ದೇಹವನ್ನು ಸೇರುವನೆಂಬ ಶ್ರದ್ಧೆಯನ್ನು ಸೂಕ್ಷ್ಮದರ್ಶಕ ಅಲ್ಲಗಳೆಯಲಾರದು. ಆದರೆ ಶಾಸ್ತ್ರ ಹೇಳಿದ್ದು ಆಯಾ ಜೀವನ ಕರ್ಮವನ್ನು. ಅದನ್ನು ತಾಯಿಯ ತಲೆಗೆ ಕಟ್ಟುವವರು ಈಶ್ವರನ ಮೇಲಿನ ನೈರ್ಘೃಣ್ಯವನ್ನು ಕಳೆಯಹೋಗಿ ತಾವೇ ಅದನ್ನು ಹೊತ್ತುಕೊಳ್ಳುತ್ತಾರೆ.

ಆ ತಾಯಿಯನ್ನು ಮತ್ತೆ ಕಂಡಾಗ ಹೇಳಿದೆನು: “ಈ ಮಗುವಿನ ಅಂಡ ಮೂಡಿದಾಗ ನೀನಿನ್ನೂ ನಿನ್ನಮ್ಮನ ಹೊಟ್ಟೆಯಲ್ಲಿದ್ದೆ, ತಾಯೀ. ನೀನು ಮಾಡಿದ್ದೇನೂ ಇಲ್ಲ.” ಅವಳು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಮಗುವಿನ ಕೈಯನ್ನು ಸೆರಗಿನಿಂದ ಒರೆಸುತ್ತ, “ಅಮ್ಮನೂ ಹೀಗೆಯೇ ಕೊರಗುತ್ತಾಳೆ, ಅವಳಿಗೂ ಹೇಳುತ್ತೇನೆ” ಎಂದಳು.