ಪದದ ಮುಂದೆ ಒಂದು ಬೆಳಗು

ಬೆಳಗಿನ ಕಾಫಿ ಆರುವ ಮೊದಲು ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಓದುವುದು ನನ್ನ ರೂಢಿ. ಇವತ್ತು ಒಂದು ಪದದ ಹತ್ತಿರ ಕಣ್ಣು ನಿಂತಿತು: ಮೆಟಿಕ್ಯುಲಸ್. ಸಣ್ಣದೊಂದು ವಿವರವನ್ನೂ ಬಿಡದೆ ಅಚ್ಚುಕಟ್ಟಾಗಿ ಕೆಲಸ ಮಾಡುವವರಿಗೆ ಹೇಳುವ ಮಾತು. ಅರ್ಥ ಗೊತ್ತಿದ್ದರೂ ನಿಘಂಟು ತೆರೆದೆ. ಅದರ ಬೇರು ಲ್ಯಾಟಿನ್ನಿನ ಮೆಟುಸ್, ಎಂದರೆ ಭಯ. ಇಂಗ್ಲಿಷಿಗೆ ಬಂದ ಹೊಸದರಲ್ಲಿ ಅದಕ್ಕೆ ಅಂಜುಬುರುಕ ಎಂಬ ಅರ್ಥವೇ ಇತ್ತಂತೆ.

ಕನ್ನಡ ಮಾಧ್ಯಮದಲ್ಲಿ ಓದಿ ಕಾಲೇಜು ಸೇರಿದ ನನಗೆ ಆ ಭಯದ ಪರಿಚಯ ಚೆನ್ನಾಗಿದೆ. ದಿನಕ್ಕೆ ಇಪ್ಪತ್ತು ದೊಡ್ಡ ಪದ ಪಟ್ಟಿ ಮಾಡಿ ಬಾಯಿಪಾಠ ಹಾಕುತ್ತಿದ್ದೆ. ನಾಲ್ಕು ಜನರ ಮುಂದೆ ತಲೆ ತಗ್ಗಿಸಬೇಕಾದೀತೆಂದು ಹೆದರಿ ಕಲಿತದ್ದು, ವಾರ ಕಳೆಯುವಷ್ಟರಲ್ಲಿ ಮರೆತುಹೋಗುತ್ತಿತ್ತು.

ಈಗ ದಿನಕ್ಕೆ ಒಂದೇ ಪದ, ಅದಕ್ಕೆ ನೋಟ್‌ಬುಕ್ಕಿನ ಒಂದು ಪುಟ. ಮೊದಲು ಆ ಪದ ಸಿಕ್ಕಿದ ವಾಕ್ಯ, ಕೆಳಗೆ ಅದರ ಬೇರು, ಬೇರಿನ ನಂಟರು, ಕೊನೆಗೆ ನನ್ನದೇ ಒಂದು ವಾಕ್ಯ. ‘ಸ್ಪೆಕ್ಟ್’ ಎಂಬ ಲ್ಯಾಟಿನ್ ಬೇರಿಗೆ ನೋಡುವುದು ಎಂದರ್ಥ. ಇನ್‌ಸ್ಪೆಕ್ಟರ್ ಒಳಹೊಕ್ಕು ನೋಡುವವರು. ರಿಸ್ಪೆಕ್ಟ್ ಎಂದರೆ ತಿರುಗಿ ನೋಡುವುದು. ಕಂಡು ಮುಂದೆ ಹೋದವರು ಮತ್ತೆ ತಿರುಗಿ ನೋಡಿದರೆ ಅದೇ ಗೌರವ. ಪದಕ್ಕೂ ಅದು ಸಲ್ಲಬೇಕು.

ನಮ್ಮ ಭಾಷೆಗೆ ಅಂಥ ಗೌರವ ಕೊಟ್ಟ ಹೊರಗಿನವರು ಫರ್ಡಿನಾಂಡ್ ಕಿಟ್ಟೆಲ್. 1853ರಲ್ಲಿ ಜರ್ಮನಿಯಿಂದ ಇಲ್ಲಿಗೆ ಬಂದ ಅವರಿಗೆ ಕನ್ನಡ ಪರಭಾಷೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಕಾವ್ಯದ ಬಳಕೆ, ಜನರ ಬಾಯಲ್ಲಿನ ಗಾದೆ ಎರಡನ್ನೂ ಅವರು ಪದಗಳ ಪಕ್ಕಕ್ಕೆ ತಂದಿಟ್ಟರು. ಬಳಕೆಯಲ್ಲಿ ಕಾಣದ ಪದ ನಮ್ಮದಾಗುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ಇವತ್ತಿನ ಪುಟದಲ್ಲಿ ನನ್ನ ವಾಕ್ಯದ ಜಾಗ ಇನ್ನೂ ಖಾಲಿ. ಹೊರಗೆ ಅಮ್ಮ ಹೊಸ್ತಿಲ ಮುಂದೆ ರಂಗೋಲಿಯ ಚುಕ್ಕಿ ಇಡುತ್ತಿದ್ದಾಳೆ. ಮದುವೆಯಾಗಿ ಬಂದ ಹೊಸದರಲ್ಲಿ, ಸಾಲು ಸೊಟ್ಟಗಾದರೆ ಅತ್ತೆ ಏನೆಂದಾರೋ ಎಂಬ ಅಂಜಿಕೆಯಿಂದ ಒಂದೊಂದೇ ಎಣಿಸಿ ಇಡುತ್ತಿದ್ದಳಂತೆ. ಅತ್ತೆ ಹೋಗಿ ಎಷ್ಟೋ ವರ್ಷವಾಯಿತು. ಅಮ್ಮ ಈಗಲೂ ಎಣಿಸುತ್ತಾಳೆ, ಗುನುಗುತ್ತಾ.

ಪೆನ್ನು ತೆರೆದು, ಅವಳ ಚುಕ್ಕಿಗಳ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದೆ.